ಘಟಪ್ರಭಾ ಹಿನ್ನೀರಿನಲ್ಲಿ ಗಾಳ ಹಾಕುವವರು ಅನುಭವ ಹೇಳಿ

ನವನಗರ, ಬಾಗಲಕೋಟೆ: ರಜೆಯ ದಿನ ಅನಗವಾಡಿಯ ಕಡೆ ಗಾಳ ಹಾಕಲು ಹೋಗುತ್ತೇನೆ. ಮಗಳು ದಡದಲ್ಲಿ ಕಪ್ಪೆಚಿಪ್ಪು ಆರಿಸುತ್ತಾಳೆ. ಮೀನಿನ ಸಂತತಿಗೆ ಪೆಟ್ಟು ಬೀಳದಂತೆ ಈ ಹವ್ಯಾಸ ನಡೆಸುವುದು ಹೇಗೆ? ಬಲ್ಲವರು ತಿಳಿಸಿ.

ಬೀಳಗಿಯಿಂದ: ಸರ್, ಮೊದಲ ಮಾತು ಮಳೆಗಾಲದ್ದು. ಜೂನ್, ಜುಲೈನಲ್ಲಿ ಕೆಂಪು ನೀರು ಬಂದಾಗ ಮೀನು ಹೊಳೆಗೆ ಎದುರಾಗಿ ಏರುತ್ತದೆ. ನಮ್ಮೂರಿನಲ್ಲಿ ಆಗಲೇ ಸಂಭ್ರಮ, ಹಳ್ಳದ ಬಾಯಲ್ಲೆಲ್ಲ ಬಲೆ. ಆದರೆ ಏರುವುದು ಮೊಟ್ಟೆ ಹೊತ್ತ ಮೀನು. ರೋಹು ಒಂದು ಕಿಲೋ ತೂಕಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ. ಅದೂ ನಿಂತ ನೀರಿನಲ್ಲಲ್ಲ, ಹರಿಯುವ ಹೊಸ ನೀರಿನಲ್ಲಿ. ಆ ಎರಡು ತಿಂಗಳು ನಾನು ಗಾಳವನ್ನು ಅಟ್ಟಕ್ಕೆ ಏರಿಸುತ್ತೇನೆ.

ಉಳಿದ ಕಾಲದಲ್ಲಿ ಜೋಳದ ಹಿಟ್ಟಿನ ಉಂಡೆ ಸಾಕು. ಗಾಳದ ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಬಾಯಿ ಹರಿಯದೆ ಕೊಕ್ಕೆ ಜಾರಿ ಬರುತ್ತದೆ. ಬಿಡುವ ಮೀನನ್ನು ಒಣ ಕೈಯಲ್ಲಿ ಹಿಡಿಯಬೇಡಿ. ಮೈಮೇಲಿನ ಲೋಳೆ ಹೋದರೆ ಹುಣ್ಣಾಗುತ್ತದೆ. ತಿಲಾಪಿಯಾ ಸಿಕ್ಕರೆ ಮಾತ್ರ ಮುಲಾಜಿಲ್ಲದೆ ಮನೆಗೆ ಒಯ್ಯಿರಿ. ಅದು ಹೊರಗಿನಿಂದ ಬಂದದ್ದು, ಮರಿಗಳನ್ನು ಬಾಯಲ್ಲಿಟ್ಟು ಕಾಯುತ್ತ ವರ್ಷದಲ್ಲಿ ಹಲವು ಬಾರಿ ಪೀಳಿಗೆ ಬೆಳೆಸುತ್ತದೆ. ಬಾಳೆಮೀನು ಸಿಕ್ಕರೆ ಬಿಟ್ಟುಬಿಡಿ, ಅದು ಜಗತ್ತಿನಲ್ಲೇ ಅಪಾಯದಂಚಿನ ಪಟ್ಟಿಯಲ್ಲಿದೆ.

ಮುಧೋಳದಿಂದ: ಹಿಡಿದು ಬಿಡುವ ಆಟ ನನಗೆ ಒಪ್ಪಿಗೆಯಿಲ್ಲ. ಒಂದೇ ಸಮನೆ ಇಪ್ಪತ್ತು ಮೀನಿನ ಬಾಯಿಗೆ ಕೊಕ್ಕೆ ಚುಚ್ಚಿ ಬಿಡುವುದಕ್ಕಿಂತ ಸಾರಿಗೆ ಬೇಕಾದಷ್ಟು ಹಿಡಿದು ಗಾಳ ಮಡಚುವುದು ವಾಸಿ. ಇನ್ನು ಕೆರೆಗೆ ಹೋದರೆ ಗುತ್ತಿಗೆದಾರರನ್ನು ಕೇಳಿಯೇ ಇಳಿಯಿರಿ. ಅಲ್ಲಿ ಮರಿ ಬಿಟ್ಟು ಸಾಕಿದವರು ಅವರು. ಮದ್ದು ಸಿಡಿಸುವವರನ್ನು ಕಂಡರೆ ಸುಮ್ಮನಿರಬೇಡಿ. ಸಿಡಿಮದ್ದು, ವಿಷ ಎರಡನ್ನೂ 1897ರ ಮೀನುಗಾರಿಕೆ ಕಾಯ್ದೆಯೇ ನಿಷೇಧಿಸಿದೆ. ತುಂಡಾದ ನೈಲಾನ್ ದಾರವನ್ನು ಸುತ್ತಿ ಜೇಬಿಗೆ ಹಾಕಿಕೊಳ್ಳಿ, ಬೆಳ್ಳಕ್ಕಿಯ ಕಾಲಿಗೆ ಸಿಕ್ಕಿದ್ದನ್ನು ಬಿಡಿಸಿದವನು ನಾನು.

ಗೋಕಾಕದಿಂದ: ಕಪ್ಪೆಚಿಪ್ಪಿನ ಮಾತನ್ನು ಯಾರೂ ಎತ್ತಲಿಲ್ಲ. ಖಾಲಿ ಚಿಪ್ಪು ಎಷ್ಟು ಬೇಕಾದರೂ ಆರಿಸಲಿ ಅಕ್ಕರೆಯ ಮಗಳು. ಎರಡೂ ತಟ್ಟೆ ಬಿಗಿಯಾಗಿ ಮುಚ್ಚಿ, ಕೆಸರಲ್ಲಿ ಅರ್ಧ ಹೂತು ನಿಂತದ್ದು ಜೀವಂತ, ಅದನ್ನು ಕೀಳಬಾರದು. ಅದು ದಿನವಿಡೀ ನೀರು ಸೋಸುತ್ತದೆ. ಅದರ ಮರಿ ಮೊದಲು ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡು ಬೆಳೆದು, ಆಮೇಲೆ ತಳಕ್ಕೆ ಉದುರುತ್ತದೆ. ಮೀನು ಕಡಿಮೆಯಾದರೆ ಚಿಪ್ಪೂ ಕಡಿಮೆ. ಬೇಯಿಸಿ ತಿನ್ನುವ ಆಲೋಚನೆ ಇದ್ದರೆ ಕಾರ್ಖಾನೆಯ ನೀರು ಸೇರುವ ಕಡೆಯದಂತೂ ಬೇಡ, ಸೋಸಿದ ವಿಷವೆಲ್ಲ ಅದರ ಮೈಯಲ್ಲೇ ಉಳಿದಿರುತ್ತದೆ.

ಬೀಳಗಿಯಿಂದ ಮತ್ತೆ: ಒಂದು ಮರೆತಿದ್ದೆ ಸರ್. ಕೃಷ್ಣೆಯಲ್ಲೂ ಹಿನ್ನೀರಿನಲ್ಲೂ ಮೊಸಳೆಗಳಿವೆ. ಬೇಸಿಗೆಯಲ್ಲಿ ಮರಳು ದಿಬ್ಬದಲ್ಲಿ ಮೊಟ್ಟೆ ಇಟ್ಟು ತಾಯಿ ಕಾಯುತ್ತಿರುತ್ತದೆ. ಮಗು ಮೊಣಕಾಲುದ್ದ ನೀರಿಗೂ ಇಳಿಯದಿರಲಿ, ಊರ ದನಗಾಹಿಗಳನ್ನು ಕೇಳಿ ಜಾಗ ಆರಿಸಿ.