ಎಂಟು ಊರಿನ ಮಳೆ ಲೆಕ್ಕ ಎಪಿಐಯಿಂದ ಶೀಟಿಗೆ: ಲೈಬ್ರರಿ ಬಳಸಿ ಗೊತ್ತಿದ್ದವರು ಹೇಳಿ

ಹೊಸನಗರದಿಂದ, ಪ್ರಶ್ನೆ

ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕು ಕೇಂದ್ರ, ಜೊತೆಗೆ ಆಗುಂಬೆ. ಈ ಎಂಟು ಕಡೆಯ ದಿನದ ಮಳೆ ಒಂದು ಗೂಗಲ್ ಶೀಟಿನಲ್ಲಿ ತಾನಾಗಿ ಬಂದು ಕೂರಬೇಕು. ಅಡಿಕೆಗೆ ಔಷಧಿ ಹೊಡೆಸುವವರು ಫೋನಿನಲ್ಲೇ ನೋಡಿಕೊಳ್ಳಲಿ ಅಂತ. ಮಳೆ ಅಂಕಿ ಓಪನ್-ಮೀಟಿಯೊ ಎಂಬ ಹವಾಮಾನ ಸೇವೆಯ ಎಪಿಐಯದು (ನಮ್ಮ ಪ್ರೋಗ್ರಾಂ ಅವರ ಸರ್ವರಿನಿಂದ ಅಂಕಿ ಕೇಳುವ ದಾರಿ), ಅವರದೇ ಪೈಥಾನ್ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು, ಹಾಕಿದ್ದೇನೆ. ಶೀಟಿಗೆ ಬರೆಯಲು ಜಿಸ್ಪ್ರೆಡ್ ಎಂಬ ಇನ್ನೊಂದು ಲೈಬ್ರರಿ. ಮೂರು ತಾಪತ್ರಯ: ತಾರೀಕು ಒಂದು ದಿನ ಹಿಂದೆ ಬೀಳುತ್ತದೆ, ಆಗಾಗ ಒಂದೇ ತಾರೀಕಿನ ಸಾಲು ಎರಡೆರಡು ಇರುತ್ತದೆ, ಕರೆಂಟು ಹೋದ ದಿನದ ಸಾಲೇ ಇರುವುದಿಲ್ಲ.

ಸಾಗರದಿಂದ

ತಾರೀಕಿನದು ಸುಲಭ, ಅದನ್ನು ಮೊದಲು ಮುಗಿಸೋಣ. ನೀವು ಟೈಮ್‌ಜೋನ್ ಏಷ್ಯಾ-ಕೋಲ್ಕತಾ ಅಂತ ಕೊಟ್ಟಿದ್ದರೂ ಆ ಲೈಬ್ರರಿ ಸಮಯವನ್ನು ಕೊಡುವುದು 1970ರಿಂದ ಎಣಿಸಿದ ಸೆಕೆಂಡುಗಳಲ್ಲಿ. ನೀವು ಹಾಕಿದ, ಓಪನ್-ಮೀಟಿಯೊದವರ ಮಾದರಿ ಕೋಡು ಅದನ್ನು ಪಾಂಡಾಸ್ ಎಂಬ ಕೋಷ್ಟಕದ ಲೈಬ್ರರಿಯಲ್ಲಿ ಯುಟಿಸಿ ಸಮಯವಾಗಿ (ಜಾಗತಿಕ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ) ತಿರುಗಿಸುತ್ತದೆ. ನಮ್ಮ ಜುಲೈ 15 ಹುಟ್ಟುವ ನಡುರಾತ್ರಿ ಯುಟಿಸಿಯಲ್ಲಿ ಜುಲೈ 14ರ ಸಂಜೆ 6.30. ಗಂಟೆ ಕತ್ತರಿಸಿ ತಾರೀಕು ಮಾತ್ರ ಇಟ್ಟುಕೊಂಡಾಗ ಕೈಯಲ್ಲಿ ಉಳಿಯುವುದು 14. ಉತ್ತರದ ಜೊತೆಗೇ ಯುಟಿಸಿ ಅಂತರವೂ ಬರುತ್ತದೆ, ನಮಗದು 19800 ಸೆಕೆಂಡು. ಅದನ್ನು ಕೂಡಿಸಿ ಆಮೇಲೆ ತಾರೀಕು ತೆಗೆಯಿರಿ. ಶೀಟಿನಲ್ಲಿ ‘ಒಂದು ದಿನ ಸೇರಿಸು’ ಅಂತ ಸೂತ್ರ ಹಾಕಿ ತೇಪೆ ಹಚ್ಚಬೇಡಿ. ಯಾರಾದರೂ ಮುಂದೆ ಕೋಡು ಸರಿಮಾಡಿದ ದಿನ ಎಲ್ಲ ತಾರೀಕೂ ಮುಂದಕ್ಕೆ ಜಾರುತ್ತದೆ.

ಟೈಮ್‌ಜೋನ್ ಜಿಎಂಟಿಯಲ್ಲೇ (ಯುಟಿಸಿಯ ಸಮಯವೇ) ಉಳಿದಿದ್ದರೆ ಇನ್ನೂ ಕೆಟ್ಟದ್ದು. ಆಗ ದಿನ ಶುರುವಾಗುವುದೇ ಬೆಳಿಗ್ಗೆ 5.30ಕ್ಕೆ. ರಾತ್ರಿ ಎರಡು ಗಂಟೆಗೆ ಹೊಡೆದ ಮಳೆ ಹಿಂದಿನ ದಿನದ ಖಾತೆಗೆ. ತಾರೀಕು ನೆಟ್ಟಗೆ ಕಾಣುತ್ತದೆ, ಅಂಕಿ ತಪ್ಪು, ಯಾರಿಗೂ ಗೊತ್ತಾಗುವುದಿಲ್ಲ.

ನೀವು ಕೇಳದ ಇನ್ನೆರಡು. ಆ ಲೈಬ್ರರಿ ಅಂಕಿಗಳನ್ನು ಹೆಸರಿನಿಂದ ಕೊಡುವುದಿಲ್ಲ, ಸರದಿಯಿಂದ ಕೊಡುತ್ತದೆ: ಸೊನ್ನೆಯನೆಯದು, ಒಂದನೆಯದು, ಹೀಗೆ. ನೀವು ಕೇಳಿದ ಪಟ್ಟಿಯಲ್ಲಿ ಮಳೆ ಮೊದಲು, ಉಷ್ಣಾಂಶ ಎರಡನೆಯದು ಇದ್ದರೆ ತೆಗೆಯುವಾಗಲೂ ಅದೇ ಸರದಿ. ನಾಳೆ ಪಟ್ಟಿಯ ತಲೆಗೆ ಗಾಳಿವೇಗ ಸೇರಿಸಿ ಕೆಳಗಿನ ಸಾಲು ಮುಟ್ಟದೇ ಬಿಟ್ಟರೆ ದೋಷ ಅಂತ ಒಂದಕ್ಷರ ಬಾರದೆ ಗಾಳಿವೇಗವೇ ಮಳೆ ಕಾಲಮ್ಮಿಗೆ ಬೀಳುತ್ತದೆ. ಇನ್ನೊಂದು, ಎಂಟು ಊರಿನ ಅಕ್ಷಾಂಶ-ರೇಖಾಂಶ ಒಟ್ಟಿಗೆ ಕೊಟ್ಟರೆ ಉತ್ತರವೂ ಎಂಟರ ಪಟ್ಟಿಯಾಗಿ ಬರುತ್ತದೆ. ಮಾದರಿ ಕೋಡು ಸೊನ್ನೆಯನೆಯದನ್ನು ಮಾತ್ರ ತೆಗೆದು ತೋರಿಸುತ್ತದೆ. ಅಲ್ಲಿ ಲೂಪ್ ಹಾಕಬೇಕು.

ತೀರ್ಥಹಳ್ಳಿಯಿಂದ

ಎರಡೆರಡು ಸಾಲು, ಕಾಣೆಯಾದ ಸಾಲು, ಎರಡಕ್ಕೂ ಬೇರು ಒಂದೇ: ನೀವು ಕೊನೆಗೆ ಸಾಲು ‘ಸೇರಿಸುತ್ತಾ’ ಹೋಗುತ್ತಿದ್ದೀರಿ. ಮಳೆಗಾಲದ ನೆಟ್‌ವರ್ಕಿನಲ್ಲಿ ಆಗುವುದೇನೆಂದರೆ, ನಿಮ್ಮ ಬೇಡಿಕೆ ಗೂಗಲ್ ಸರ್ವರಿಗೆ ಮುಟ್ಟಿ ಸಾಲು ಬರೆದಾಗಿರುತ್ತದೆ, ‘ಆಯಿತು’ ಅನ್ನುವ ಉತ್ತರ ದಾರಿಯಲ್ಲಿ ಕಳೆದುಹೋಗುತ್ತದೆ. ನಿಮ್ಮ ಕೋಡಿಗೆ ಕಂಡದ್ದು ಟೈಮ್‌ಔಟ್, ಅಂದರೆ ಕಾಯುವ ಹೊತ್ತು ಮುಗಿಯಿತು ಅಂತ. ಅದು ಮತ್ತೆ ಕಳಿಸುತ್ತದೆ, ಎರಡನೇ ಸಾಲು ಬಿತ್ತು. ಮರುಪ್ರಯತ್ನ ಕಮ್ಮಿ ಮಾಡಿದರೆ ಎರಡೆರಡು ಸಾಲು ನಿಲ್ಲುತ್ತದೆ, ಕಾಣೆಯಾಗುವುದು ಹೆಚ್ಚುತ್ತದೆ. ಅದು ಪರಿಹಾರ ಅಲ್ಲ.

ಪ್ರತಿ ತಾರೀಕಿಗೂ ಕಾಯಂ ಜಾಗ ಕೊಡಿ. ವರ್ಷಕ್ಕೊಂದು ಹಾಳೆ, ಮೊದಲ ಸಾಲು ತಲೆಬರಹ. ವರ್ಷದ ಎಷ್ಟನೇ ದಿನವೋ ಅದಕ್ಕೆ ಒಂದು ಕೂಡಿಸಿದರೆ ಸಾಲಿನ ಸಂಖ್ಯೆ. ಅಧಿಕ ವರ್ಷವಲ್ಲದಿದ್ದರೆ ಜುಲೈ 15 ವರ್ಷದ 196ನೇ ದಿನ, ಹಾಗಾಗಿ 197ನೇ ಸಾಲು. ಆ ಸಾಲಿಗೆ ಹತ್ತು ಸಲ ಬರೆದರೂ ಸಾಲು ಒಂದೇ. ಇನ್ನು ಮರುಪ್ರಯತ್ನಕ್ಕೆ ಹೆದರಬೇಕಾಗಿಲ್ಲ.

ಈಗ ಕರೆಂಟಿನ ವಿಷಯ. ಎಪಿಐಗೆ ಹಿಂದಿನ ದಿನಗಳೆಷ್ಟು ಬೇಕೆಂದು ಹೇಳುವ ನಿಯತಾಂಕ ಇದೆ, 92ರವರೆಗೆ ಕೇಳಬಹುದು. 7 ಕೊಡಿ. ದಿನಾ ಓಡಿದಾಗ ಹಿಂದಿನ ಏಳೂ ದಿನದ ಸಾಲು ಹೊಸದಾಗಿ ಬರೆಯಲಿ. ಐದು ದಿನ ಕತ್ತಲೆಯಲ್ಲಿದ್ದರೂ ಆರನೇ ದಿನ ಎಲ್ಲ ತುಂಬಿಕೊಳ್ಳುತ್ತದೆ. ಜನವರಿ ಮೊದಲ ವಾರ ಹಿಂದಿನ ವರ್ಷದ ಹಾಳೆಗೆ ಹೋಗಬೇಕಾದ ಸಾಲು ಬರುತ್ತವೆ, ಅವನ್ನು ಬಿಟ್ಟುಬಿಡಿ. ಆ ತಿಂಗಳಲ್ಲಿ ಮಳೆ ಲೆಕ್ಕಕ್ಕೆ ಯಾರು ಕಾಯುತ್ತಾರೆ ಮಾರಾಯ್ರೆ.

ಇವತ್ತಿನ ಅಂಕಿಯನ್ನು ಮಾತ್ರ ಬರೆಯಬೇಡಿ. ಬೆಳಿಗ್ಗೆ ಒಂಬತ್ತಕ್ಕೆ ಕೇಳಿದರೆ ‘ಇವತ್ತಿನ ಒಟ್ಟು ಮಳೆ’ಯಲ್ಲಿ ಇನ್ನೂ ಬಾರದ ಹದಿನೈದು ಗಂಟೆಯ ಮುನ್ಸೂಚನೆ ಸೇರಿರುತ್ತದೆ. ನಿನ್ನೆಯವರೆಗೆ ಸಾಕು.

ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್, ತಪ್ಪಿದ ಕೆಲಸವನ್ನು ಮತ್ತೆ ಮಾಡುವುದಿಲ್ಲ. ಲಿನಕ್ಸ್ ಆದರೆ ಅದರ ಬದಲು ಸಿಸ್ಟಮ್‌ಡಿ ಟೈಮರ್ ಇಟ್ಟು ಪರ್ಸಿಸ್ಟೆಂಟ್ ಆಯ್ಕೆ ಟ್ರೂ ಮಾಡಿ. ಯಂತ್ರ ಆನ್ ಆದ ಕೂಡಲೇ ತಪ್ಪಿದ್ದನ್ನು ಓಡಿಸುತ್ತದೆ. ಇಲ್ಲೊಂದು ಎಡವಟ್ಟು: ಕರೆಂಟು ಬಂದಾಗ ಕಂಪ್ಯೂಟರ್ ಏಳುತ್ತದೆ, ಮೋಡೆಮ್ ಇನ್ನೂ ಲೈನು ಹಿಡಿದಿರುವುದಿಲ್ಲ. ಮಾದರಿ ಕೋಡಿನಲ್ಲಿ ಐದು ಮರುಪ್ರಯತ್ನ, ಬ್ಯಾಕ್‌ಆಫ್ 0.2 ಅಂತಿರುತ್ತದೆ. ಕಾಯುವ ಹೊತ್ತೆಲ್ಲ ಕೂಡಿದರೆ 0, 0.4, 0.8, 1.6, 3.2, ಅಂದರೆ ಆರೇ ಸೆಕೆಂಡು. ಬ್ಯಾಕ್‌ಆಫ್ (ಕಾಯುವ ಹೊತ್ತನ್ನು ಹಿಗ್ಗಿಸುವ ಅಂಕಿ) 5 ಮಾಡಿ; 0, 10, 20, 40, 80, ಒಟ್ಟು ಎರಡೂವರೆ ನಿಮಿಷ ಕಾಯುತ್ತದೆ.

ಶಿವಮೊಗ್ಗದಿಂದ

ಎಂಟು ಊರಿನ ಒಂದು ಅಂಕಿಗೆ ಅಷ್ಟು ದೊಡ್ಡ ಲೈಬ್ರರಿ ಬೇಕೇ ಅಂತ ನನ್ನ ತಕರಾರು. ಅದೇ ವಿಳಾಸವನ್ನು ಬ್ರೌಸರಿನಲ್ಲಿ ಹಾಕಿ ನೋಡಿ, ಹೆಸರು ಸಮೇತ ಜೇಸನ್ (ಓದಬಹುದಾದ ಪಠ್ಯ ರೂಪದ ಉತ್ತರ) ಬರುತ್ತದೆ, ತಾರೀಕು ನಮ್ಮ ಸಮಯದಲ್ಲೇ ಇರುತ್ತದೆ. ಸಾಗರದವರು ಹೇಳಿದ ಸರದಿಯ ಗೊಂದಲವೂ ಇಲ್ಲ. ಅದನ್ನು ತರಲು ಪೈಥಾನಿನ ರಿಕ್ವೆಸ್ಟ್ಸ್ ಎಂಬ ಸಾದಾ ಲೈಬ್ರರಿ ಸಾಕು, ಆದರೆ ಟೈಮ್‌ಔಟ್ ನೀವೇ ಕೊಡಬೇಕು. ಕೊಡದಿದ್ದರೆ ಅದು ಎಷ್ಟು ಹೊತ್ತು ಬೇಕಾದರೂ ಕಾದು ಕೂರುತ್ತದೆ. ಸಂಪರ್ಕಕ್ಕೆ 5, ಉತ್ತರಕ್ಕೆ 30 ಸೆಕೆಂಡು ಇಡಿ. ಸಾವಿರಾರು ಜಾಗದ ಹತ್ತಾರು ವರ್ಷದ ಗಂಟೆವಾರು ಅಂಕಿ ಎಳೆಯುವಾಗ ಅವರ ಲೈಬ್ರರಿ ಬಿಟ್ಟು ಬೇರೆ ನೋಡಬೇಡಿ, ಅಲ್ಲಿ ಅದರ ವೇಗಕ್ಕೆ ಅರ್ಥ ಇದೆ.

ಲೈಬ್ರರಿಯಲ್ಲೇ ಮುಂದುವರಿದರೆ ಕ್ಯಾಶ್ (ಬಂದ ಉತ್ತರವನ್ನು ಎತ್ತಿಟ್ಟು ಸ್ವಲ್ಪ ಹೊತ್ತು ಅದನ್ನೇ ಕೊಡುವುದು) ಮರೆಯಬೇಡಿ. ಮಾದರಿಯಲ್ಲಿ 3600 ಸೆಕೆಂಡು ಇದೆ. ಕೋಡು ತಿದ್ದಿ ಹತ್ತು ನಿಮಿಷಕ್ಕೆ ಮತ್ತೆ ಓಡಿಸಿದರೆ ಬರುವುದು ಹಳೇ ಉತ್ತರವೇ. ‘ಎಪಿಐ ಅಂಕಿ ಬದಲಾಗುತ್ತಲೇ ಇಲ್ಲ’ ಎನ್ನುವ ದೂರಿನ ಹಿಂದೆ ಇರುವುದು ಬಹುಪಾಲು ಇದೇ. ಬಳಕೆ ಮಿತಿಯ ಚಿಂತೆ ಬೇಡ, ವ್ಯಾಪಾರಕ್ಕಲ್ಲದ ಉಚಿತ ಬಳಕೆಗೆ ದಿನಕ್ಕೆ 10,000 ಕರೆಗಳಿವೆ.

ಕೊಪ್ಪದಿಂದ

ಆಗುಂಬೆ ಅಂಕಿ ಮಳೆಮಾಪಕದ ಜೊತೆ ತಾಳೆಯಾಗಲಿಲ್ಲ ಅಂತ ಆಮೇಲೆ ಕೋಡನ್ನು ಬೈಯಬೇಡಿ. ಎಪಿಐ ಕೊಡುವುದು ಹವಾಮಾನದ ಕಂಪ್ಯೂಟರ್ ಮಾದರಿಯ ಲೆಕ್ಕ, ನಕ್ಷೆಯ ಒಂದು ಚೌಕದ ಸರಾಸರಿ. ಅಲ್ಲಿ ನಾಲ್ಕು ಹೆಜ್ಜೆಗೆ ಘಾಟಿ ಇಳಿಯುತ್ತದೆ. ಒಂದೇ ಚೌಕದಲ್ಲಿ ಘಟ್ಟದ ಮೇಲೂ ಕೆಳಗೂ ಇರಬಹುದು. ಎರಡನೆಯದಾಗಿ, ಹವಾಮಾನ ಇಲಾಖೆಯ ದಿನ ಮುಗಿಯುವುದು ಬೆಳಿಗ್ಗೆ 8.30ಕ್ಕೆ, ನಡುರಾತ್ರಿಗಲ್ಲ. ಹೋಲಿಸಲೇಬೇಕು ಅಂದರೆ ಗಂಟೆವಾರು ಮಳೆಯನ್ನು ಜಿಎಂಟಿಯಲ್ಲೇ ಕೇಳಿ. 8.30 ಅಂದರೆ ಜಿಎಂಟಿ ಸರಿಯಾಗಿ 3 ಗಂಟೆ. ಪ್ರತಿ ಅಂಕಿ ಅದರ ಹಿಂದಿನ ಒಂದು ಗಂಟೆಯ ಮಳೆ, ಆದ್ದರಿಂದ ಮೊದಲ ದಿನದ 4 ಗಂಟೆಯ ಅಂಕಿಯಿಂದ ಮರುದಿನ 3 ಗಂಟೆಯದರವರೆಗೆ 24 ಅಂಕಿ ಕೂಡಿಸಿ. ಔಷಧಿ ಹೊಡೆಯಲು ಹೊಳವು ಎಷ್ಟು ಗಂಟೆ ಸಿಕ್ಕಿತು ಅಂತ ನೋಡುವವರಿಗೂ ದಿನದ ಮೊತ್ತಕ್ಕಿಂತ ಈ ಗಂಟೆವಾರು ಅಂಕಿಯೇ ಉಪಯೋಗ.

ಹೊಸನಗರದಿಂದ

ತಾರೀಕು ಸರಿಹೋಯಿತು, ಕಾಯಂ ಸಾಲೂ ಮಾಡಿದೆ. ಈಗ ಎರಡು ಹೊಸ ತಕರಾರು: ಒಂದು ಸಲ ಶೀಟಿಗೆ ಬರೆಯುವಾಗ 429 (ಬೇಡಿಕೆ ಮಿತಿ ಮೀರಿತು ಎಂಬ ದೋಷಸಂಖ್ಯೆ), ಇನ್ನೊಂದು ಸಲ ‘ಫ್ಲೋಟ್32 ಜೇಸನ್‌ಗೆ ಒಗ್ಗುವುದಿಲ್ಲ’ ಎಂಬರ್ಥದ ದೋಷ.

ತೀರ್ಥಹಳ್ಳಿಯಿಂದ

429 ಬಂದದ್ದು ಕೋಶಕ್ಕೊಂದರಂತೆ ಬರೆದದ್ದಕ್ಕೆ. ಏಳು ದಿನ, ಎಂಟು ಊರು, 56. ತಾರೀಕಿನ ಏಳು ಸೇರಿ 63. ಶೀಟ್ಸ್ ಎಪಿಐಗೆ ಒಬ್ಬ ಬಳಕೆದಾರನಿಂದ ನಿಮಿಷಕ್ಕೆ 60 ಬರಹ ಮಿತಿ. ಏಳೂ ಸಾಲನ್ನು ಪಟ್ಟಿಯೊಳಗಿನ ಪಟ್ಟಿ ಮಾಡಿ, ಎ ಕಾಲಮ್ಮಿನಿಂದ ಐ ಕಾಲಮ್ಮಿನವರೆಗೆ ಒಂದೇ ಕರೆಯಲ್ಲಿ ಬರೆಯಿರಿ. ಜಿಸ್ಪ್ರೆಡ್ 6ನೇ ಆವೃತ್ತಿಯಿಂದ ಅಪ್‌ಡೇಟಿಗೆ ಮೊದಲು ಅಂಕಿಗಳು, ಆಮೇಲೆ ಕೋಶಗಳ ವ್ಯಾಪ್ತಿ; ಹಳೇ ಉದಾಹರಣೆಗಳಲ್ಲಿ ಇದು ತಿರುಗುಮುರುಗು. ತಾರೀಕನ್ನು 2025-07-15 ಈ ರೂಪದಲ್ಲೇ ಕಳಿಸಿ, ಜೊತೆಗೆ ಯೂಸರ್-ಎಂಟರ್ಡ್ ಆಯ್ಕೆ ಹಾಕಿ. ಇಲ್ಲದಿದ್ದರೆ ತಾರೀಕು ಬರೀ ಪಠ್ಯವಾಗಿ ಕೂತು ಚಾರ್ಟ್ ಬರುವುದಿಲ್ಲ.

ಸಾಗರದಿಂದ

ಫ್ಲೋಟ್32 ಅಂದರೆ ನಂಪೈ ಎಂಬ ಗಣಿತ ಲೈಬ್ರರಿಯ ದಶಮಾಂಶ ಅಂಕಿ. ಪ್ರತಿಯೊಂದನ್ನೂ ಪೈಥಾನಿನ ಸಾದಾ ಫ್ಲೋಟ್ ಮಾಡಿ, ಆಮೇಲೆ ಒಂದು ದಶಮಾಂಶಕ್ಕೆ ದುಂಡು ಮಾಡಿ. ದುಂಡು ಮಾಡದಿದ್ದರೆ 12.3 ಅನ್ನುವುದು ಶೀಟಿನಲ್ಲಿ 12.300000190734863 ಆಗಿ ಕೂರುತ್ತದೆ. ಅಂಕಿ ಸಿಗದ ಕಡೆ ‘ನ್ಯಾನ್’ ಬರುತ್ತದೆ, ಅದನ್ನು ಖಾಲಿ ಪಠ್ಯ ಮಾಡಿ ಕಳಿಸಿ. ಸೊನ್ನೆ ಮಾಡಬೇಡಿ, ಮಳೆ ಬರಲಿಲ್ಲ ಅಂತ ನಂಬಿ ಯಾರಾದರೂ ಡ್ರಮ್ಮು ತುಂಬಿಸಿಕೊಂಡು ತೋಟಕ್ಕೆ ಹೊರಟಾರು.