ಸಹಾಯ ಬೇಕು: ಪುಣೆಯಲ್ಲಿ ಯಾರ ಹತ್ತಿರವಾದರೂ ಮೈಕ್ರೋಸ್ಕೋಪ್ ಇದೆಯಾ?

ಎಲ್ಲರಿಗೂ ನಮಸ್ಕಾರ. ನಾವು ಕೊತ್ರೂಡ್‌ನಲ್ಲಿದ್ದೇವೆ. ಮಗಳು ಬಿ.ಎಸ್ಸಿ. ಮೊದಲ ವರ್ಷ, ಸಸ್ಯಶಾಸ್ತ್ರ ಓದುತ್ತಿದ್ದಾಳೆ.

ಮೊನ್ನೆ ಮಳೆ ನಿಂತ ಮೇಲೆ ಸೊಸೈಟಿ ಹಿಂದಿನ ಕೊಳೆತ ದಿಮ್ಮಿಯ ಮೇಲೆ ಅರಿಸಿನ ಕಲಸಿ ಚೆಲ್ಲಿದ ಹಾಗೆ ಹಳದಿ ಲೋಳೆ ಕಂಡಿತು. ಬೆಳಗ್ಗೆ ಇದ್ದ ಜಾಗದಿಂದ ಸಂಜೆಗೆ ನಾಲ್ಕು ಬೆರಳು ಮುಂದೆ ಹರಿದಿತ್ತು! ಇದು ಸ್ಲೈಮ್ ಮೋಲ್ಡ್. ಗಿಡವೂ ಅಲ್ಲ, ಅಣಬೆಯ ಜಾತಿಯೂ ಅಲ್ಲ. ಅಷ್ಟಗಲ ಹರಡಿದರೂ ಇಡೀ ಮೈ ಒಂದೇ ಜೀವಕೋಶ, ಒಳಗೆ ಲೆಕ್ಕವಿಲ್ಲದಷ್ಟು ನ್ಯೂಕ್ಲಿಯಸ್. ಎಂಥ ಅದ್ಭುತ ಅಲ್ವಾ?

ಒಂದು ಚೂರನ್ನು ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಮೇಲಿಟ್ಟು, ಓಟ್ಸ್ ಹಾಕಿ ಕತ್ತಲಲ್ಲಿ ಇಟ್ಟಿದ್ದೇವೆ. ಆಹಾರ ಮುಗಿದು ಬೆಳಕು ಬಿದ್ದರೆ ಬೀಜಕಣದ ಹಂತಕ್ಕೆ ಹೋಗುತ್ತದೆ. ಅದಕ್ಕೆ ಮೊದಲು, ಅದರ ಮೈಯಲ್ಲಿರುವ ನಾಳಗಳೊಳಗೆ ರಸ ಹಿಂದೆ ಮುಂದೆ ಹರಿಯುವುದನ್ನು ಅವಳಿಗೆ ತೋರಿಸಬೇಕು. ಹತ್ತಿರದಲ್ಲಿ ಯಾರಾದರೂ ಒಂದು ಸಂಜೆ ಮೈಕ್ರೋಸ್ಕೋಪ್ ಕೊಡಬಹುದಾ? ನಾವೇ ಡಬ್ಬಿ ತೆಗೆದುಕೊಂಡು ಬರುತ್ತೇವೆ.

ಇನ್ನೊಂದು ಮಾತು. ಊಟಿ ಕಡೆಯಿಂದ ಬರುವವರಿದ್ದರೆ ಮರದ ಕೆಳಗೆ ಬಿದ್ದ ಪೈನ್ ಕಾಯಿ ತನ್ನಿ. ಎಳೆಯದೂ ಬಲಿತದ್ದೂ ಎರಡೂ ಬೇಕು. ಪೈನ್‌ನಲ್ಲಿ ಪರಾಗ ಬಿದ್ದ ಮೇಲೆ ಗರ್ಭ ಕಟ್ಟಲು ಸುಮಾರು ಒಂದು ವರ್ಷ ಬೇಕು. ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕೈಗೇ ಸಿಗುತ್ತದೆ.

ಓಟ್ಸ್ ಬೇಗ ಖಾಲಿಯಾಗುತ್ತಿದೆ. ಈ ವಾರವೇ ಆದರೆ ಒಳ್ಳೆಯದು.