ನಿಮ್ಮತ್ತೆಯ ಕತ್ತು ತಿರುಗೋ ವಿಷಯ

ಗಾಯತ್ರಕ್ಕಾ, ನಿನ್ನೆ ಕೇಳಿದ್ಯಲ್ಲ, ನಿಮ್ಮತ್ತೆಯವರ ಮುಖ ನಾಲ್ಕು ತಿಂಗಳಿಂದ ತಾನಾಗೇ ಬಲಕ್ಕೆ ತಿರುಗ್ತಿದೆ, ಡಾಕ್ಟರು ಸರ್ವೈಕಲ್ ಡಿಸ್ಟೋನಿಯಾ ಅಂತ ಬರ್ದಿದ್ದಾರೆ, ಅದು ಸ್ಪಾಂಡಿಲೋಸಿಸ್ಸೇ ಅಲ್ವಾ ಅಂತ. ಅಲ್ಲ ಕಣೇ. ಸ್ಪಾಂಡಿಲೋಸಿಸ್ ಅಂದ್ರೆ ಕತ್ತಿನ ಮೂಳೆ, ಡಿಸ್ಕು ಸವೆಯೋದು. ಇದರಲ್ಲಿ ಎಡವಟ್ಟು ಇರೋದು ಮೆದುಳಲ್ಲಿ, ಚಲನೆಯನ್ನ ಹತೋಟೀಲಿಡೋ ಬೇಸಲ್ ಗ್ಯಾಂಗ್ಲಿಯಾ ಮತ್ತೆ ಅದರ ಜೊತೆ ಕೆಲಸ ಮಾಡೋ ಭಾಗಗಳಲ್ಲಿ. ಕತ್ತು ಬರೀ ಹೇಳಿದ್ದು ಕೇಳ್ತಿದೆ ಅಷ್ಟೇ. ಎಂಆರ್‌ಐ ನಾರ್ಮಲ್ ಬಂತು ಅಂತ ಕಾಯಿಲೆ ಇಲ್ಲ ಅಂದ್ಕೋಬೇಡ, ಇದರಲ್ಲಿ ಸಾಮಾನ್ಯವಾಗಿ ಹಾಗೇ ಬರೋದು.

ಒಂದ್ಸಲ ಹತ್ರ ನಿಂತು ನೋಡು. ಮುಖ ಬಲಕ್ಕೆ ತಿರುಗಿದಾಗ ಎಡಗಿವಿಯ ಹಿಂದಿಂದ ಎದೆಮೂಳೆವರೆಗೆ ಹಗ್ಗದ ಹಾಗೆ ಸ್ನಾಯು ಉಬ್ಬಿರುತ್ತೆ. ಹೌದು, ಎಡಗಡೇದೇ. ಅದು ಮುಂದಿಂದ, ಬಲಗಡೆ ಹಿಂಗತ್ತಿನ ಸ್ನಾಯು ಹಿಂದಿಂದ, ಎರಡೂ ಸೇರಿ ಎಳೆಯೋದು. ಆಮೇಲೆ ಗಲ್ಲಕ್ಕೆ ಒಂದು ಬೆರಳು ತಾಗಿಸೋಕೆ ಹೇಳು. ಒತ್ತೋದು ಬೇಡ, ಮುಟ್ಟಿದ್ರೆ ಸಾಕು. ಎಷ್ಟೋ ಜನಕ್ಕೆ ಕತ್ತು ಆಗಲೇ ನೆಟ್ಟಗಾಗುತ್ತೆ. ಇದನ್ನ ನೋಡಿಯೇ ಮನೇಲಿ ನಾಟಕ ಅನ್ನೋದು, ಪಾಪ! ನಿಜ ಏನಂದ್ರೆ ಅದೇ ಈ ಕಾಯಿಲೆಯ ಗುರುತು. ನಿದ್ದೆ ಹತ್ತಿದ್ರೆ ಎಳೆತ ನಿಲ್ಲುತ್ತೆ, ಗಾಬರಿಯಾದ್ರೆ ಜಾಸ್ತಿಯಾಗುತ್ತೆ.

ಮಾತ್ರೆ ಡಬ್ಬಿ ಪೂರ್ತಿ ಡಾಕ್ಟರ ಮುಂದೆ ಇಡಿ. ಗ್ಯಾಸಿಗೆ ಅಂತ ವರ್ಷಗಟ್ಟಲೆ ನುಂಗೋ ಕೆಲವು ಕ್ಯಾಪ್ಸೂಲ್‌ಗಳಲ್ಲಿ ಲೆವೊಸಲ್ಪಿರೈಡ್ ಇರುತ್ತೆ. ವಾಂತಿಗೆ ಕೊಡೋ ಮೆಟೊಕ್ಲೋಪ್ರಮೈಡ್ ಕೂಡ ಅದೇ ಜಾತಿ. ಇವೇ ಕತ್ತು ಎಳೆಸಬಹುದು.

ಭಾವ ಹೇಳಿದ್ರಲ್ಲ, ಸಲೂನಲ್ಲಿ ಕತ್ತಿನ ನೆಟಿಗೆ ತೆಗೆಸಿ ಅಂತ, ಅದು ಖಂಡಿತ ಬೇಡ. ಹಾಗೆ ಝಟ್ಟಂತ ತಿರುಗಿಸಿದ್ರೆ ಮೆದುಳಿಗೆ ರಕ್ತ ಒಯ್ಯೋ ನಾಳ ಹರಿದು ಪಾರ್ಶ್ವವಾಯು ಹೊಡೆದಿರೋದುಂಟು. ಕಾಲರ್ ಪಟ್ಟಿಯನ್ನೂ ದಿನವಿಡೀ ಕಟ್ಟಬೇಡಿ.

ಮುಖ್ಯ ಚಿಕಿತ್ಸೆ ಬೊಟುಲಿನಂ ಇಂಜೆಕ್ಷನ್, ಬಿಗಿದ ಸ್ನಾಯುವನ್ನ ಸಡಿಲಿಸೋ ಔಷಧಿ. ಎಳೀತಿರೋ ಸ್ನಾಯುಗಳಿಗೇ ಹುಡುಕಿ ಹಾಕ್ತಾರೆ. ಮಾರನೇ ದಿನವೇ ಏನೂ ಆಗಲ್ಲ. ಒಂದೆರಡು ವಾರದಲ್ಲಿ ಶುರು, 4ರಿಂದ 6 ವಾರಕ್ಕೆ ಚೆನ್ನಾಗಿ ಗೊತ್ತಾಗುತ್ತೆ, 12 ವಾರದ ಹೊತ್ತಿಗೆ ಇಳಿಯುತ್ತೆ, ಮತ್ತೆ ಹಾಕಿಸಬೇಕು. ಬೇಗ ಬೇಗ ಹಾಕಿಸಿದ್ರೆ ದೇಹ ಅದರ ವಿರುದ್ಧವೇ ಪ್ರತಿಕಾಯ (ಆಂಟಿಬಾಡಿ) ಕಟ್ಟಿ ಔಷಧಿ ನಾಟದೇ ಹೋಗಬಹುದು. ಮೊದಲ ಸಲ ಅರ್ಧಂಬರ್ಧ ಆಯ್ತು ಅಂತ ಬಿಡಬೇಡಿ, ಯಾವ ಸ್ನಾಯುಗೆ ಎಷ್ಟು ಅನ್ನೋದು ಎರಡನೇ ಮೂರನೇ ಸಲಕ್ಕೆ ಹದಕ್ಕೆ ಬರೋದು. ಬ್ರಾಂಡು, ಯೂನಿಟ್ಟು ಪುಸ್ತಕದಲ್ಲಿ ಬರೆದಿಟ್ಕೋ. ಒಂದು ಬ್ರಾಂಡಿನ 100 ಯೂನಿಟ್ ಇನ್ನೊಂದರ 100ಕ್ಕೆ ಸಮ ಅಲ್ಲ. ರಕ್ತ ತೆಳುವಾಗಿಸೋ ಮಾತ್ರೆ ತಗೋತಿದ್ರೆ ಮೊದಲೇ ಹೇಳಿ.

ಇಂಜೆಕ್ಷನ್ ಆದ ಮೊದಲ ಎರಡು ವಾರ ನುಂಗೋಕೆ ತೊಡಕಾಗಬಹುದು. ಮುದ್ದೆ ಗುಟುಕ್ಕಂತ ನುಂಗೋ ಅಭ್ಯಾಸ ಇರೋರು ಹುಷಾರು! ನೆಟ್ಟಗೆ ಕೂತು, ಮೆತ್ತಗಿನ ಅನ್ನ, ಗಂಜಿ, ಸಣ್ಣ ಸಣ್ಣ ತುತ್ತು. ಎಂಜಲೂ ಇಳೀತಿಲ್ಲ, ಉಸಿರು ಕಟ್ಟುತ್ತೆ ಅಂದ್ರೆ ಮೆಸೇಜ್ ಹಾಕ್ತಾ ಕೂರಬೇಡ, ಸೀದಾ ಎಮರ್ಜೆನ್ಸಿಗೆ ಕರ್ಕೊಂಡು ಹೋಗು.

ಎಳೆತ ಕಮ್ಮಿ ಮಾಡೋಕೆ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ಬರೆದ್ರೆ ಬಾಯಿ ಒಣಗುತ್ತೆ, ವಯಸ್ಸಾದೋರಿಗೆ ಮರೆವು, ಗಲಿಬಿಲಿ ಬರಬಹುದು, ಗಮನ ಇಟ್ಟಿರು. ಇವೆಲ್ಲಾ ಕೆಲಸ ಮಾಡದಿದ್ರೆ ಮೆದುಳಲ್ಲಿ ತಂತಿ ಇಡೋ ಡಿಬಿಎಸ್ ಆಪರೇಷನ್ ಇದೆ, ಅದು ಸದ್ಯಕ್ಕೆ ದೂರದ ಮಾತು.

ಬೆಂಗಳೂರಿಗೆ ಬರೋದಾದ್ರೆ ನಿಮ್ಹಾನ್ಸ್‌ನ ನ್ಯೂರಾಲಜಿಗೆ ತೋರಿಸಿ. ಬರೋಕ್ಕೆ ಮುಂಚೆ ಅರ್ಧರ್ಧ ನಿಮಿಷದ ಮೂರು ವೀಡಿಯೋ ಮಾಡ್ಕೋ: ಸುಮ್ನೆ ಕೂತಿರೋದು, ನಡೆಯೋದು, ಗಲ್ಲ ಮುಟ್ಟಿದಾಗ ಏನಾಗುತ್ತೆ ಅನ್ನೋದು. ಸೀರೆ ಸೆರಗು ಕತ್ತು ಮುಚ್ಚದ ಹಾಗೆ ನೋಡ್ಕೋ.